ಪೆಟ್ರೋಲ್ ಕೈಯ ಮಿಸ್ತ್ರಿ

ಮಿಸ್ತ್ರಿಯವರ ಕೆಳತುಟಿ ಸದಾ ಬಿಳಿಚಿಕೊಂಡು ಸಿಪ್ಪೆ ಎದ್ದಿರುತ್ತಿತ್ತು. ರಬ್ಬರ್ ಪೈಪಿಗೆ ಬಾಯಿ ಹಚ್ಚಿ ಟಾಕಿಯಿಂದ ಪೆಟ್ರೋಲ್ ಎಳೆದೂ ಎಳೆದೂ ಹಾಗಾಗಿತ್ತು. ಸಾರಿಗೆ ಉಪ್ಪಿದೆಯೋ ಇಲ್ಲವೋ ಅವರ ನಾಲಿಗೆಗೆ ಗೊತ್ತಾಗುವುದಿಲ್ಲ ಎಂದು ಅವರ ಹೆಂಡತಿ ದೂರುತ್ತಿದ್ದರು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದರೆ ಮಾತ್ರ ಅದೇ ನಾಲಿಗೆಯ ತುದಿಗೇ ತಿಳಿಯುತ್ತಿತ್ತು. ಥೂ ಎಂದು ಉಗುಳಿ, ಮಾರಿದವನ ವಂಶವನ್ನೆಲ್ಲ ಬೈದು ಮತ್ತೆ ಕೆಲಸಕ್ಕೆ ಕೂರುತ್ತಿದ್ದರು.

ಸಿಂಧನೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆ, ಹುಣಸೆಮರದ ಕೆಳಗೆ ಅವರ ತಗಡಿನ ಶೆಡ್ಡು. ಬೀಡಿ, ಕಡ್ಡಿಪೆಟ್ಟಿಗೆಗಳನ್ನು ರಸ್ತೆಬದಿಯ ಕಲ್ಲಿನ ಮೇಲಿಟ್ಟೇ ಒಳಗೆ ಬರಬೇಕು. ಒಮ್ಮೆ ಪೊಲೀಸ್ ಜಮಾದಾರರನ್ನೂ ಬಿಡಲಿಲ್ಲ. ಕಾಲುವೆ ಅಗೆಯುವ ಕಾಲದಲ್ಲಿ, ಮುಚ್ಚಳದ ಸಂದಿಯಿಂದ ತುಳುಕಿದ ಪೆಟ್ರೋಲಿಗೆ ಕಿಡಿ ತಾಗಿ ಒಂದು ಲಾರಿ ಡ್ರೈವರ್ ಸಮೇತ ಸುಟ್ಟದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅಂದಿನಿಂದ ಯಾವ ಲಾರಿ ಶೆಡ್ಡಿನಿಂದ ಹೊರಟರೂ ಬಟ್ಟೆ ಒಗೆಯುವ ಸಾಬೂನನ್ನು ನೀರಿನಲ್ಲಿ ಮೆದುಮಾಡಿ ಟಾಕಿಯ ಮುಚ್ಚಳದ ಸುತ್ತ ಬಳಿಯುತ್ತಿದ್ದರು. ಸಾಬೂನು ಪೆಟ್ರೋಲಿಗೆ ಕರಗುವುದಿಲ್ಲ. ಲಾರಿ ಎಷ್ಟೇ ಎಗರಿದರೂ ಹನಿ ಹೊರಗೆ ಬೀಳುತ್ತಿರಲಿಲ್ಲ.

ನನ್ನದು ಅಣೆಕಟ್ಟಿನ ಕೆಲಸ ಮುಗಿದಾಗ ಹರಾಜಿನಲ್ಲಿ ಹಿಡಿದ ಹಳೆಯ ಪೆಟ್ರೋಲ್ ಲಾರಿ. ಅದು ದುಡಿದದ್ದನ್ನೆಲ್ಲ ಅದೇ ಕುಡಿಯುತ್ತಿತ್ತು. ಮನೆಯಲ್ಲಿ ಕುಡುಕನನ್ನು ಸಾಕಿದ್ದರೂ ಇದಕ್ಕಿಂತ ಮೇಲಿತ್ತು. ಕೊನೆಗೆ ಡೀಸೆಲ್ ಇಂಜಿನ್ ಕೂರಿಸಲು ಮಿಸ್ತ್ರಿಗೆ ಒಪ್ಪಿಸಿದೆ.

ಇಂಜಿನ್ ಕೂರಿಸುವುದು ಸುಲಭ, ಅದಕ್ಕೆ ಕುಡಿಸುವುದು ಕಷ್ಟ ಎನ್ನುತ್ತಿದ್ದರು ಅವರು. ತುಕ್ಕು ಹಿಡಿದ ಹಳೆಯ ಟಾಕಿ ಕಿತ್ತು ಹೊಸದು ಕಟ್ಟಿದರು. ಕಸ ತಡೆಯಲು ಫಿಲ್ಟರ್, ಎಣ್ಣೆ ಎತ್ತಲು ಪಂಪು, ಇಂಜಿನ್ನಿಗೆ ಹೋಗಿ ಮಿಕ್ಕ ಡೀಸೆಲ್ ಟಾಕಿಗೆ ಹಿಂದಿರುಗಲು ಇನ್ನೊಂದು ಪೈಪು. ಅದೇಕೆ ಎಂದು ಕೇಳಿದೆ.

“ಪೆಟ್ರೋಲ್ ಗಂಡಸಿದ್ದಂಗ, ಮನಿ ಬಿಟ್ಟು ಹೋತಂದ್ರ ಹೋತು. ಡೀಸೆಲ್ ಹೆಣ್ಮಗಳಿದ್ದಂಗಲೇ ತಮ್ಮ, ತವರಿಗೆ ಹೊಳ್ಳಿ ಬರತೈತಿ. ಇದು ತವರಿನ ಪೈಪು,” ಎಂದರು.

ಮೊದಲ ಸಲ ಇಂಜಿನ್ ಹಚ್ಚಿ ನೋಡಿ, ಚಾವಿ ತಿರುವಿ ಆರಿಸಿ ಕೆಳಗಿಳಿದೆ. ಅದು ದಡದಡ ಅನ್ನುತ್ತಲೇ ಇತ್ತು. ನಾನು ಗಾಬರಿಯಾದೆ, ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಚಾವಿ ನಿನ್ನ ಸಮಾಧಾನಕ್ಕ ಐತಿ. ಇದರ ಎಣ್ಣಿ ಕಟ್ ಮಾಡಬೇಕು, ಅಂದ್ರ ನಿಲ್ಲತೈತಿ,” ಎಂದು ಎಣ್ಣೆ ನಿಲ್ಲಿಸುವ ತಂತಿ ಎಳೆದು ತೋರಿಸಿದರು.

ಅವರದೊಂದು ಪದ್ಧತಿಯಿತ್ತು. ದೊಡ್ಡ ಕೆಲಸ ಮಾಡಿದ ಲಾರಿಯ ಮೊದಲ ಲೋಡಿಗೆ ತಾವೂ ಬರುತ್ತಿದ್ದರು, ಹೆಂಡತಿಯನ್ನೂ ಕೂರಿಸುತ್ತಿದ್ದರು. “ನಾ ಬಿಗಿದ ನಟ್ಟಿನ ಮ್ಯಾಲ ನನ್ನ ಹೇಣ್ತಿ ಕುಂತಾಳ. ಇನ್ನ ನಿಮಗೇನು ಅಂಜಿಕಿ?” ಎಂದು ಮೀಸೆ ತಿರುವುತ್ತಿದ್ದರು. ತಮ್ಮ ಕೈಕೆಲಸ ಕೆಟ್ಟಿದೆ ಎಂದು ಅವರು ಒಪ್ಪಿಕೊಂಡದ್ದನ್ನು ಕೇಳಿದವರು ಇರಲಿಲ್ಲ.

ನಮ್ಮ ಮೊದಲ ಲೋಡು ಹೆಣ್ಣಾಳುಗಳದು. ಶ್ರಾವಣ ಬಂದರೆ ಮಸ್ಕಿ, ಲಿಂಗಸುಗೂರಿನ ಒಣಸೀಮೆಯವರು ಕಾಲುವೆ ಗದ್ದೆಗಳಿಗೆ ನೆಲ್ಲಿನ ಸಸಿ ಹಚ್ಚಲು ಬರುತ್ತಿದ್ದರು. ಮಸ್ಕಿಯಲ್ಲಿ ಅವರನ್ನು ಹತ್ತಿಸಿಕೊಂಡು ತುರ್ವಿಹಾಳಕ್ಕೆ ಹೊರಟೆವು. ತುರ್ವಿಹಾಳ ನನ್ನ ಹೆಂಡತಿಯ ತವರು. ಅವಳೂ ಎದೆಹಾಲಿನ ಕೂಸನ್ನು ಕಟ್ಟಿಕೊಂಡು ಹಿಂದೆ ಮಿಸ್ತ್ರಿಯ ಹೆಂಡತಿಯ ಪಕ್ಕ ಕೂತಿದ್ದಳು.

ಹಾದಿಯಲ್ಲಿ ಸೇತುವೆಯಿಲ್ಲದ ಒಂದು ಹಳ್ಳ. ಮೊಣಕಾಲುದ್ದ ನೀರಿತ್ತು, ಲಾರಿ ಇಳಿಸಿದೆ. ನಡುವೆ ಬರುತ್ತಲೇ ಇಂಜಿನ್ ಏದುಸಿರು ಬಿಟ್ಟಿತು, ಎರಡು ಸಲ ಕೆಮ್ಮಿತು, ನಿಂತಿತು. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹಳ್ಳ ಹರಿದು ಬರುವ ಮುದಗಲ್ಲಿನ ಕಡೆ ಆಕಾಶ ಕಪ್ಪಗಿತ್ತು. ನೋಡನೋಡುತ್ತ ನೀರಿನ ಬಣ್ಣ ಕೆಂಪಾಯಿತು. ಜಾಲಿಯ ಟೊಂಗೆಗಳು ತೇಲಿ ಬಂದು ಗಾಲಿಗೆ ಬಡಿಯತೊಡಗಿದವು.

ಮಿಸ್ತ್ರಿ ಬಂಪರಿನ ಮೇಲೆ ನಿಂತು ಬಾನೆಟ್ ಎತ್ತಿದರು. ಫಿಲ್ಟರಿನ ಸ್ಕ್ರೂ ಸಡಿಲಿಸಿ ಪಂಪನ್ನು ಕೈಯಿಂದ ಒತ್ತಿದರು. ಬರೀ ಗುಳ್ಳೆ ಬಂತು, ಡೀಸೆಲ್ ಬರಲಿಲ್ಲ. ನಾನು ಎರಡು ಸಲ ಸೆಲ್ಫ್ ಹೊಡೆದೆ. ಬ್ಯಾಟರಿ ನರಳಿತು.

“ಸಾಕು ಮಾಡಲೇ! ಇನ್ನೊಮ್ಮಿಗಷ್ಟ ದಮ್ಮೈತಿ ಅದಕ್ಕ,” ಎಂದು ಕೂಗಿದರು.

“ಎಲ್ಲಾರನೂ ಇಳಸ್ತೀನಿ ಮಿಸ್ತ್ರಿ. ನೀರು ಏರಾಕತ್ತೈತಿರೀ.”

“ಒಬ್ರೂ ಇಳಿಯಂಗಿಲ್ಲ. ಸೆಳವು ನೋಡೀಯಿಲ್ಲ? ಕೂಸು ಹೊತ್ತಾಕಿ ಹೆಂಗ ನಿಲ್ಲತಾಳ?”

“ಮತ್ತ ನಿಮ್ಮ ಕೆಲಸನ ಕೆಟ್ಟೈತಲ್ರೀ!”

“ನನ್ನ ಕೆಲಸ ಕೆಟ್ಟಿಲ್ಲ! ನಿನ್ನ ಡೀಸೆಲ್‌ನ್ಯಾಗ ನೀರೈತಿ!”

ಹಟ ಹಿಡಿದು ಫಿಲ್ಟರ್ ಬಿಚ್ಚಿ, ಬೆರಳಿಗೆ ಎಣ್ಣೆ ಸವರಿ ನಾಲಿಗೆಗೆ ಹಚ್ಚಿ ನೋಡಿದರು. ನೀರಿರಲಿಲ್ಲ. ಹಿಂದೆ ಹೆಂಗಸರು ಚೀರತೊಡಗಿದ್ದರು. ನನ್ನ ಕೂಸಿನ ಅಳು ಬೇರೆಯಾಗಿಯೇ ಕೇಳುತ್ತಿತ್ತು. ಲಾರಿಯ ಹಿಂಭಾಗ ಒಮ್ಮೆ ಮೆಲ್ಲಗೆ ಪಕ್ಕಕ್ಕೆ ಜರುಗಿತು. ಜೀವಮಾನದಲ್ಲಿ ಅಷ್ಟು ಹೆದರಿದ್ದು ನಾನು ಅದೊಂದೇ ಸಲ.

ಆಗ ಮಿಸ್ತ್ರಿಯ ಹೆಂಡತಿ ಲಾರಿಯ ಪಕ್ಕದ ಹಲಗೆಯ ಮೇಲಿಂದ ಬಗ್ಗಿ ಗಟ್ಟಿಯಾಗಿ ಕೇಳಿದರು: “ಏನ್ರೀ, ಮುಂಜಾನೆ ನನ್ನ ಸಾಬಾಣ ಒಯ್ದಿದ್ರಲ್ಲ, ಎಲ್ಲಿ ಬಳದ್ರಿ?”

ಮಿಸ್ತ್ರಿಯ ಕೈ ನಿಂತಿತು.

ಹಳೆಯ ಪೆಟ್ರೋಲ್ ಟಾಕಿಗೆ ಗಾಳಿಯಾಡಲು ಪಕ್ಕದಲ್ಲಿ ಬೇರೆಯೇ ನಳಿಕೆಯಿತ್ತು. ಹೊಸ ಟಾಕಿಯ ಗಾಳಿಯ ತೂತು ಇದ್ದದ್ದು ಮುಚ್ಚಳದಲ್ಲೇ. ಅದನ್ನು ಕೊರೆದವರೂ ಅವರೇ. ಮುಂಜಾನೆ ಹೊರಡುವಾಗ ಅವರ ತಲೆ ಎತ್ತಲೋ ಇತ್ತು, ಪೆಟ್ರೋಲಿಗೆ ಪಳಗಿದ ಕೈ ತನ್ನ ಪಾಡಿಗೆ ಆ ತೂತಿಗೂ ಸೇರಿಸಿ ಸಾಬೂನು ಬಳಿದಿತ್ತು. ಒಳಗಿದ್ದ ಗಾಳಿಯಲ್ಲೇ ಲಾರಿ ಇಲ್ಲಿಯತನಕ ಬಂದಿತ್ತು; ಹೊಸ ಗಾಳಿ ಒಳಹೋಗದೆ ಟಾಕಿ ಈಗ ಡೀಸೆಲ್ ಬಿಡುತ್ತಿರಲಿಲ್ಲ.

ಲಾರಿಯ ಪಕ್ಕ ಹಿಡಿದು, ಸೊಂಟದವರೆಗೆ ನೀರಿನಲ್ಲಿ ಅವರು ಟಾಕಿಯ ಕಡೆ ಸರಿದರು. ಒಮ್ಮೆ ಕಾಲು ತಪ್ಪಿತು, ಮೇಲಿನಿಂದ ಹೆಂಡತಿ ಅಂಗಿಯ ಕೊರಳು ಹಿಡಿದೆಳೆದರು. ಮುಚ್ಚಳಕ್ಕೂ ನೀರಿಗೂ ಗೇಣಿನಷ್ಟು ಅಂತರವಿತ್ತು. ಉಗುರಿನಿಂದ ಸಾಬೂನು ಕೆರೆದು ಮುಚ್ಚಳ ತಿರುವಿದಾಗ ಟಾಕಿ ಸುಂಯ್ ಎಂದು ಉಸಿರೆಳೆದುಕೊಂಡದ್ದು ನನಗೆ ಕ್ಯಾಬಿನ್ನಿನೊಳಗೂ ಕೇಳಿತು. ತೂತು ಬಿಡಿಸಿ ಮುಚ್ಚಳ ಹಾಕಿ, ಮತ್ತೆ ಮುಂದೆ ಬಂದು ಬಿಚ್ಚಿದ್ದ ಫಿಲ್ಟರ್ ಕೂರಿಸಿ ಪಂಪು ಒತ್ತಿದರು. ಗುಳ್ಳೆ ಬಂತು, ನೊರೆ ಬಂತು, ಆಮೇಲೆ ಬರೀ ಡೀಸೆಲ್. ಸ್ಕ್ರೂ ಬಿಗಿದು, “ಹೊಡಿ!” ಎಂದರು.

ಹೊಡೆದೆ. ಬ್ಯಾಟರಿ ಒಮ್ಮೆ ತಿರುಗಿತು, ಇನ್ನೇನು ಸತ್ತಿತು ಎನ್ನುವಷ್ಟರಲ್ಲಿ ಇಂಜಿನ್ ಹತ್ತಿಕೊಂಡಿತು.

ದಂಡೆ ಏರಿದ ಮೇಲೆ ನಾನು ಕೆಳಗಿಳಿದು ಕೂತುಬಿಟ್ಟೆ. ಕೂಸನ್ನು ಎತ್ತಿಕೊಂಡೆ. ಸಿಟ್ಟು ಬಂದಿತ್ತು; ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಇದ್ದಿದ್ದರೆ ಮಿಸ್ತ್ರಿಯ ಮೇಲೆ ಬೀಸುತ್ತಿದ್ದೆನೋ ಏನೋ. ನಡೆದದ್ದೇನೆಂದು ಆ ಹೆಂಗಸರಿಗೆ ತಿಳಿದಿರಲಿಲ್ಲ. ಅವರು ಮಿಸ್ತ್ರಿಗೆ ಕೈಮುಗಿಯುತ್ತಿದ್ದರು, ದೇವರಂಗ ಬಂದಿಯಪಾ ಎನ್ನುತ್ತಿದ್ದರು. ಮಿಸ್ತ್ರಿ ಸುಮ್ಮನಿದ್ದರೆ ಸಾಕಿತ್ತು.

ಅವರು ಸುಮ್ಮನಿರಲಿಲ್ಲ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಕೈ ಮುಗಿಬ್ಯಾಡ್ರವ್ವಾ. ಟಾಕಿ ಬಾಯಿಗೆ ಸಾಬಾಣ ಬಳದಾಂವ ನಾನ. ಗಾಡಿ ನಿಂತಿದ್ದು ನನ್ನಿಂದ. ಮತ್ತ ತಪ್ಪು ಈ ತಮ್ಮನ ಡೀಸೆಲ್ ಮ್ಯಾಲ ಹಾಕಿದೆ,” ಎಂದರು.

ಒಬ್ಬ ಮುದುಕಿ ಸೆರಗು ಹಿಂಡುತ್ತ, “ಆತು ಬಿಡಪಾ, ದಂಡಿ ಹತ್ತಿದ್ವಲ್ಲ,” ಎಂದಳು.

ಅಂದಿನಿಂದ ಡೀಸೆಲ್ ಇಂಜಿನ್ ಕೂರಿಸಿಕೊಳ್ಳಲು ಯಾರೇ ಬರಲಿ, ಕೆಲಸಕ್ಕೆ ಮುಂಚೆ ಮಿಸ್ತ್ರಿ ಈ ಕಥೆಯನ್ನು ತಾವೇ ಹೇಳುತ್ತಿದ್ದರು. ಗಿರಾಕಿ ಓಡಿಹೋಗುತ್ತಾನೆ, ಯಾಕೆ ಹೇಳುತ್ತೀರಿ ಎಂದು ನಾನೊಮ್ಮೆ ಗದರಿದೆ. “ಬಾಯಿ ಹೇಳದಿದ್ರ ಕೈ ಮತ್ತ ಮರೀತೈತಿ,” ಎಂದರು. ಕೆಲವರು ಓಡಿಯೂ ಹೋದರು. ನಾನು ಮಾತ್ರ ಲಾರಿ ಮಾರುವತನಕ ಬೇರೆಯವರ ಕೈಗೆ ಕೊಡಲಿಲ್ಲ.

ಅವರು ತೀರಿಕೊಂಡ ದಿನ ಶೆಡ್ಡಿನ ಮುಂದೆ ಡ್ರೈವರುಗಳೆಲ್ಲ ನೆರೆದಿದ್ದರು. ಮಾತು ಹಳ್ಳದ ಕಡೆ ಹೊರಳಿತು. ನಾನು ಎದ್ದು ನಿಂತೆ. ಅಂದು ನನ್ನ ಹೆಂಡತಿ, ಮಗಳು ಉಳಿದದ್ದು ಈ ಮನುಷ್ಯನಿಂದ ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡು ಕೂತೆ.

ಹೆಣದ ತಲೆಯ ಬಳಿ ಕೂತಿದ್ದ ಅವರ ಹೆಂಡತಿ ನನ್ನ ಕಡೆ ನೋಡಿದರು.

“ಉಳಿಸಿದವ್ರು ಅವ್ರ, ಮುಳುಗಿಸಾಕ ಹೋಗಿದ್ದವ್ರೂ ಅವ್ರ. ಹೇಳೋದಿದ್ರ ಎರಡೂ ಹೇಳಪಾ. ಅವ್ರು ಎರಡೂ ಹೇಳತಿದ್ರು.”

ನಾನು ಮತ್ತೆ ಎದ್ದು ನಿಂತು, ನೆರೆದವರ ಮುಂದೆ ಮೊದಲಿನಿಂದ ಹೇಳಿದೆ.