ಶಲ್ಯ ಒಡ್ಡಿದ ಪೈಲವಾನ

ನನ್ನ ಮಾಮಾನ ಎಡಗಿವಿ ಒಡೆದು, ಉಬ್ಬಿ, ಮಡಚಿಕೊಂಡು ಒಣ ಅಂಜೂರದ ಹಾಗಿತ್ತು. ತಾಲೀಮಿನ, ಅಂದರೆ ಗರಡಿಮನೆಯ, ಮಣ್ಣಿನಲ್ಲಿ ವರ್ಷಗಟ್ಟಲೆ ತಲೆಗೆ ತಲೆ ಕೊಟ್ಟು ಗುದ್ದಾಡಿದ ಪೈಲವಾನರಿಗೆಲ್ಲ ಅಂಥ ಕಿವಿ ಇರುತ್ತದೆ. ಅದು ಅವರ ಸರ್ಟಿಫಿಕೇಟು. ಆದರೆ ಆ ಕಿವಿಯ ಮಡಿಕೆಯಲ್ಲಿ ಕೆಂಪು, ಹಸಿರು, ಹಳದಿ ದಾರದ ಎಳೆ ಸಿಕ್ಕಿಸಿಕೊಂಡು ಕೂತ ಪೈಲವಾನನನ್ನು ನಾನು ನೋಡಿದ್ದು ಒಬ್ಬನನ್ನೇ. ಸೂಜಿ ಬಾಯಲ್ಲಿ, ದಾರ ಕಿವಿಯಲ್ಲಿ, ಬಟ್ಟೆ ತೊಡೆಯ ಮೇಲೆ. ತೊಡೆಯೆಂದರೆ ಅದೂ ಸಣ್ಣದೇನಲ್ಲ. ಹನ್ನೊಂದು ವರ್ಷದ ನನ್ನ ಸೊಂಟ ಅದರಷ್ಟು ದಪ್ಪ ಇರಲಿಲ್ಲ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಪರೀಕ್ಷೆ ಮುಗಿದ ಮರುದಿನವೇ ಅವ್ವ ನನ್ನನ್ನು ಕರೆದುಕೊಂಡು ವಿಜಾಪುರದಿಂದ ಮಹಾರಾಷ್ಟ್ರದ ಗಡಿಯೊಳಗಿನ ಬಾಲಗಾಂವದ ತವರಿಗೆ ಹೊರಟುಬಿಡುತ್ತಿದ್ದಳು. ಎಸ್.ಟಿ. ಬಸ್ಸು ನಿಲ್ಲುತ್ತಲೇ ಮಾಮಾ ಕಿಡಕಿಯೊಳಗೆ ಕೈ ಹಾಕಿ, ನನ್ನನ್ನು ಬಟ್ಟೆಯ ಗಂಟಿನಂತೆ ಎತ್ತಿ ಕೆಳಗಿಳಿಸುತ್ತಿದ್ದ. ಕಂಡಕ್ಟರು ಪ್ರತಿ ವರ್ಷ ಬೈಯುವುದು, ಮಾಮಾ ಪ್ರತಿ ವರ್ಷ "ಆತ್ರಿ ಸಾಹೇಬ್ರ, ಮುಂದಿನ ವರ್ಷ ಬಾಗಲದಿಂದ ಇಳಸ್ತೀನಿ" ಅನ್ನುವುದು ನಡೆದೇ ಇತ್ತು.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ಮಾತ್ರ ನಾನು ಬಾಗಿಲಿನಿಂದಲೇ ಇಳಿದೆ. ಯಳವಿ ಊರಿನ ಕುಸ್ತಿಯೊಂದರಲ್ಲಿ ಮಾಮಾನ ಬಲ ಮೊಳಕಾಲು ಹೊರಳಿತ್ತು. ಇನ್ನು ಅಖಾಡಕ್ಕೆ ಇಳಿಯುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಇಪ್ಪತ್ತೆಂಟು ವರ್ಷದ ಆಳು ಪಡಸಾಲೆಯ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಆಯಿ, ಅಂದರೆ ನನ್ನ ಅಜ್ಜಿ, ಬದಾಮು ಅರೆದು ಹಾಕಿದ ಹಾಲು ತಂದಿಟ್ಟರೆ ಅದು ಕೆನೆಗಟ್ಟಿ ಅಲ್ಲೇ ಉಳಿಯುತ್ತಿತ್ತು.

"ಕಾಲಿಗಿ ಔಷಧ ಐತಿ. ಇವನ ಜೀವಾನ ಮುರದೈತಿ, ಅದಕ್ಕೇನ ಮಾಡ್ಲಿ?" ಎಂದು ಆಯಿ ಅವ್ವನ ಮುಂದೆ ಕಣ್ಣೊರೆಸಿಕೊಂಡಳು.

ಆ ಕಣ್ಣಿನದೇ ಇನ್ನೊಂದು ಚಿಂತೆಯಾಗಿತ್ತು. ಬೇಸಿಗೆಯ ಕೊನೆಗೆ ಚಿಗವ್ವನ, ಅಂದರೆ ಮಾಮಾನ ತಂಗಿಯ ಮದುವೆ. ಆಯಿಯ ಮನೆತನದಲ್ಲಿ ಹುಡುಗಿ ಗಂಡನ ಮನೆಗೆ ಹೋಗುವಾಗ ಕಪ್ಪು ಚಂದ್ರಕಾಳಿ ಸೀರೆ ಒಯ್ಯಬೇಕು. ಅದರ ಸೆರಗಿಗೆ ಮನೆಯವರ ಕೈಯ ಕಸೂತಿ ಇರಬೇಕು. ಮದುವೆಯ ದಿನ ಗಂಡಿನ ತಾಯಿ ಎಲ್ಲರೆದುರು ಆ ಸೆರಗನ್ನು ನೋಡಿ, ಹಾಕಿದವಳ ಉಡಿ ತುಂಬಬೇಕು. ಅವಳ ಸೆರಗಿನೊಳಗೆ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ಹಾಕಿದರೆ ಮುಗಿಯಿತು. ಆದರೆ ಆ ಖಣದ ಗತ್ತೇ ಬೇರೆ. ತನಗೆ ಸಿಕ್ಕ ಖಣಗಳನ್ನು ಆಯಿ ಹೊಲಿಸದೆ ಟ್ರಂಕಿನಲ್ಲಿಟ್ಟು, ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳು.

ಈ ಸಲವೂ ಆಯಿಯೇ ಶುರು ಮಾಡಿದ್ದಳು. ಗೋಪುರಗಳ ಸಾಲು ಮುಗಿದಿತ್ತು. ಆನೆ, ನವಿಲು, ತೊಟ್ಟಿಲು ಉಳಿದಿದ್ದವು. ಅಷ್ಟರಲ್ಲಿ ಎರಡೂ ಕಣ್ಣಿಗೆ ಪೊರೆ ಬಂದು ಕರಿ ಬಟ್ಟೆಯ ಎಳೆ ಕಾಣದಾದವು. ಅವ್ವನಿಗೆ ಗುಂಡಿ ಹಚ್ಚುವುದರ ಆಚೆ ಸೂಜಿ ಗೊತ್ತಿಲ್ಲ. ಮದುಮಗಳು ತನ್ನ ಸೆರಗಿಗೆ ತಾನೇ ಹಾಕಿಕೊಂಡದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಉಳಿದವಳು ನಾನು. ನನ್ನನ್ನು ನೆಚ್ಚಿಕೊಂಡಿದ್ದರೆ ಚಿಗವ್ವ ಇಂದಿಗೂ ಮದುವೆಯಾಗದೆ ಕೂತಿರಬೇಕಿತ್ತು.

ಕಸೂತಿಗೆ ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವುದಿಲ್ಲ, ಎಳೆ ಎಣಿಸಬೇಕು. ಗಂಟು ಹಾಕುವಂತಿಲ್ಲ. ಹೋದ ದಾರ ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಮುಂದೆ ಕಂಡದ್ದೇ ಹಿಂದೆಯೂ ಕಾಣಬೇಕು. ಆಯಿ ನನಗೊಂದು ಜಾಳು ಬಟ್ಟೆಯ ತುಂಡು ಕೊಟ್ಟು ಹೊರಸಿನ ಪಕ್ಕದಲ್ಲೇ ಕೂರಿಸಿಕೊಂಡಳು. ನಾನು ಎಣಿಕೆ ತಪ್ಪಿ, ಕದ್ದು ಗಂಟು ಹಾಕುತ್ತಿದ್ದೆ. ಆಯಿ ಬೆರಳಿನಿಂದ ಸವರಿ ಗಂಟು ಹಿಡಿದು, ಬಿಚ್ಚಿಸಿ, ಮತ್ತೆ ಹಾಕಿಸುತ್ತಿದ್ದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಹೊರಸು ಮಾತಾಡಿತು.

"ನಾಕ ಎಳಿ ಬಿಡಬೇಕಾಗಿತ್ತು. ಐದು ಬಿಟ್ಟಿ."

ಮಾಮಾ ಗೋಡೆಯ ಕಡೆಯಿಂದ ಯಾವಾಗಲೋ ಈ ಕಡೆ ಹೊರಳಿ ನನ್ನ ಕೈಯನ್ನೇ ನೋಡುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಬಟ್ಟೆಯನ್ನು ಅವನ ಎದೆಯ ಮೇಲೆ ಒಗೆದು, "ಭಾಳ ಗೊತ್ತಿದ್ರ ನೀನ ಹಾಕು!" ಅಂದೆ.

ಹಾಕಿದ. ಮೊದಲ ದಿನ ಮೂರು ಸೂಜಿ ಮುರಿದ. ಬಟ್ಟೆ ಸುಟ್ಟ ಹಪ್ಪಳದಂತೆ ಸುರುಟಿಕೊಂಡಿತು. ಆಯಿಗೆ ನಗು ತಡೆಯಲಿಲ್ಲ. "ಅಖಾಡದಾಗ ಎಳದಂಗ ಎಳೀಬ್ಯಾಡೋ ನನ್ನಪ್ಪಾ. ದಾರಾನ ಎಳೀಬಾರದು. ಸಣ್ಣ ಕೂಸಿನ ಕೈ ಹಿಡದು ಕರಕೊಂಡು ಬಂದಂಗ ಕರಕೊಂಡು ಬಾ."

ಆ ಸಂಜೆ ಮಾಮಾ ಹಾಲು ಕುಡಿದು ಲೋಟ ಬರಿದು ಮಾಡಿದ. ಮರುದಿನ ನನಗಿಂತ ಮೊದಲೇ ಎದ್ದು, ಗೋಡೆಗೆ ಬೆನ್ನು ಆನಿಸಿಕೊಂಡು, ಕಾಲು ಚಾಚಿ ಕೂತಿದ್ದ. ತಾಲೀಮಿನಲ್ಲಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಂತೆ ಸೂಜಿಯನ್ನು ಕಣ್ಣಿಗೊತ್ತಿಕೊಂಡ. ಎಳೆ ಎಣಿಸಿದ್ದೂ ತಾಲೀಮಿನ ಎಣಿಕೆಯಲ್ಲೇ. ಸಾಂಗಲಿಯ ತಾಲೀಮಿನಲ್ಲಿದ್ದಾಗ ಬೈಠಕ್ ಹೊಡೆಯುತ್ತ ರೂಢಿಯಾದ ಮರಾಠಿ: ಏಕ, ದೋನ, ತೀನ, ಚಾರ. ಸಾವಿರ ಬೈಠಕ್ ಎಣಿಸಿ ತಪ್ಪದವನು ನಾಲ್ಕು ಎಳೆಗೆ ತಪ್ಪುತ್ತಾನೆಯೇ?

ವಾರ ಕಳೆದ ಮೇಲೆ ಆಯಿ ಅವನ ತುಂಡನ್ನು ಎರಡೂ ಮಗ್ಗುಲು ಬೆರಳಾಡಿಸಿ ನೋಡಿದಳು. ಎದ್ದು ಹೋಗಿ, ಟ್ರಂಕಿನಿಂದ ಚಂದ್ರಕಾಳಿ ಸೀರೆ ತಂದು ಅವನ ತೊಡೆಯ ಮೇಲಿಟ್ಟಳು.

ಮಾಮಾ ಬೆಂಕಿ ತಾಗಿದವನಂತೆ ಹಿಂದೆ ಸರಿದ. "ಏನ ಮಾಡ್ತೀ ಯವ್ವಾ? ನಾ ಊರಾಗ ತಲಿ ಎತ್ತಿ ಅಡ್ಡಾಡೂದು ಬ್ಯಾಡೇನು?"

ಚಿಗವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅಣ್ಣಾ, ಅರ್ಧಾ ಸೆರಗ ಹೊತ್ಕೊಂಡು ಹೋಗಲೇನು?" ಅಂದಳು. ಅಷ್ಟೇ ಅಂದಳು.

ಮಾಮಾ ಸೀರೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡ. "ಹಾಕ್ತೀನಿ. ಆದ್ರ ಹೆಸರು ಅವ್ವಂದು. ನನ್ನ ಹೆಸರು ಹೊರಗ ಬಂತಂದ್ರ ಅವತ್ತ ಊರು ಬಿಡ್ತೀನಿ, ನೋಡ್ರಿ ಮತ್ತ." ಅವನ ದನಿ ಕೇಳಿ ನನಗೆ ಹೆದರಿಕೆಯಾಯಿತು. ತಮಾಷೆಗೆ ಹೇಳಿದ್ದಾಗಿರಲಿಲ್ಲ.

ಅಂದಿನಿಂದ ಮೂರು ವಾರ ಒಳಕೋಣೆಯ ಬಾಗಿಲು ಮುಚ್ಚಿತು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ತುಂಡು ನೆಲಕ್ಕೆ ಬೀಳುತ್ತಿತ್ತು. ಅದು ಸರಿದಂತೆ ಮಾಮಾ ಸೀರೆ ಸಮೇತ ಕುಂಡೆಯ ಮೇಲೆ ಸರಿಯುತ್ತ ಬೆಳಗಿನಿಂದ ಸಂಜೆಯೊಳಗೆ ಕೋಣೆಯ ಈ ಗೋಡೆಯಿಂದ ಆ ಗೋಡೆ ಮುಟ್ಟುತ್ತಿದ್ದ. ನಾನು ಹೊಸ್ತಿಲ ಕಾವಲು. ಯಾರೇ ಬಂದರೂ "ಮಾಮಾಗ ಎಣ್ಣಿ ತಿಕ್ಕಾಕತ್ತಾರ್ರಿ" ಅನ್ನಬೇಕು. ಅಷ್ಟು ದಿನ ಅಷ್ಟು ಎಣ್ಣೆ ತಿಕ್ಕಿಸಿಕೊಂಡವನು ಊರಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಒಂದು ದಿನ ವಸ್ತಾದ ಚಾಚಾ ಬಂದರು. ಊರ ತಾಲೀಮಿನ ಗುರುಗಳು. ಮಾಮಾನಿಗೆ ಏಳು ವರ್ಷವಿದ್ದಾಗಿನಿಂದ ಕುಸ್ತಿ ಕಲಿಸಿದವರು. ನನ್ನ ಎಣ್ಣೆಯ ಮಾತಿಗೆಲ್ಲ ನಿಲ್ಲದೆ, ಕೆಮ್ಮುತ್ತ ಸೀದಾ ಬಾಗಿಲು ನೂಕಿದರು. ಅಷ್ಟರಲ್ಲಿ ಮಾಮಾ ಸೀರೆಯನ್ನು ಮುದ್ದೆ ಮಾಡಿ ಅದರ ಮೇಲೆ ಕೂತುಬಿಟ್ಟಿದ್ದ. ಸೂಜಿ ಅದರಲ್ಲೇ ಇತ್ತು. ಚಾಚಾ ಅರ್ಧ ಗಂಟೆ ಮಾತಾಡಿದರು. ಆ ಅರ್ಧ ಗಂಟೆ ಮಾಮಾನ ಮುಖದಲ್ಲಿ ಬಂದುಹೋದ ಬಣ್ಣಗಳು ಸೆರಗಿನಲ್ಲೂ ಇರಲಿಲ್ಲ. ಹೊರಟಾಗ ಚಾಚಾ ಹೊಸ್ತಿಲಲ್ಲಿ ನನ್ನ ಕಡೆ ಬಾಗಿ ಮೆಲ್ಲಗೆ, "ಬೇಟಾ, ನಿಮ್ಮ ಮಾಮಾಗ ಹೇಳು, ಇನ್ನ ಮುಂದ ಸೂಜಿ ತಗದು ಕುಂದ್ರು ಅಂತ," ಅಂದರು. ಕಿವಿಯ ದಾರ ತೆಗೆಯುವುದನ್ನು ಮಾಮಾ ಮರೆತಿದ್ದ. ನಾನು ಅದನ್ನು ಅವನಿಗೆ ಹೇಳಲೇ ಇಲ್ಲ. ಹೇಳಿದ್ದರೆ ತೊಟ್ಟಿಲು ಹಾಗೇ ಉಳಿಯುತ್ತಿತ್ತು.

ಮದುವೆಗೆ ಎರಡು ದಿನವಿರುವಾಗ ಸೆರಗು ಮುಗಿಯಿತು.

ಮನೆಯ ಮುಂದಿನ ಹಂದರದಲ್ಲಿ ಕುಣಿಕೋಣೂರಿನ ಬೀಗತಿ, ಗಂಡಿನ ತಾಯಿ, ಸೆರಗು ಕೈಗೆತ್ತಿಕೊಂಡರು. ಊರೆಲ್ಲ ಅಲ್ಲೇ ಇತ್ತು. ಮಾಮಾ ಕೋಲೂರಿ ಹಂದರಗಂಬದ ಹತ್ತಿರ ವಸ್ತಾದರ ಪಕ್ಕ ನಿಂತಿದ್ದ. ಬೀಗತಿ ಮೊದಲು ಮುಂಭಾಗ ನೋಡಲಿಲ್ಲ, ತಿರುವಿ ಹಿಂಭಾಗ ನೋಡಿದರು. ಈಕೆ ಬಲ್ಲವಳು.

"ಚಲೋ ಅದಾವ್ರಿ. ಭಾಳ ಚಲೋ ಅದಾವು. ಆದ್ರ ಗೋಪುರದ ಕೈ ಬ್ಯಾರೆ, ಆನೀ ಕೈ ಬ್ಯಾರೆ. ಆನೀದು ದಾರ ಬಿಗಿ ಐತಿ. ಯಾರ್ ಹಾಕ್ಯಾರ ಇದನ್ನ?"

ಆಯಿಗೆ ಸುಳ್ಳು ಬರುವುದಿಲ್ಲ. "ಗೋಪುರ ನಂದ್ರಿ. ಮುಂದ ಕಣ್ಣ ಹ್ವಾದವು," ಎಂದು ತಡೆದಳು. "ಹಂಗಾರ ಹಿರೀಮಗಳದು," ಎಂದು ಯಾರೋ ಅವ್ವನನ್ನು ಮುಂದೆ ನೂಕಿದರು. ಬೀಗತಿ ಅಕ್ಕಿಯ ಮೊರ ಎತ್ತಿಕೊಂಡರು. ತಾನು ಹಾಕದ ಕಸೂತಿಗೆ ಉಡಿ ತುಂಬಿಸಿಕೊಳ್ಳುವುದೆಂದರೆ ಅವ್ವನಿಗೆ ಕದ್ದಂತೆ. ತಮ್ಮನಿಗೆ ಕೊಟ್ಟ ಮಾತು ಇನ್ನೊಂದು ಕಡೆ. ಅವಳು ಸೆರಗು ಒಡ್ಡಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ.

"ತಡಿ ಅಕ್ಕಾ."

ಮಾಮಾ ಕುಂಟುತ್ತ ಹಂದರದ ನಡುವೆ ಬಂದ. "ಆನಿ ಹಾಕಿದ ಕೈ ನಂದ್ರಿ. ನವಿಲಾ, ತೊಟ್ಟಿಲಾ ಎಲ್ಲಾ ನಂದ."

ಹಿಂದಿನಿಂದ ಯಾರೋ, "ಪೈಲವಾನ ಸೂಜಿ ಹಿಡದಾನಲೇ!" ಅಂದರು. ನಗು ಹಂದರದ ತುಂಬ ಹರಡಿತು. ಮಾಮಾ ತಲೆ ತಗ್ಗಿಸಲಿಲ್ಲ. ಬೀಗತಿ ನಗಲಿಲ್ಲ. "ಕೈ ತೋರಸ್ರಿ," ಅಂದರು. ಅವನು ಚಾಚಿದ ಹೆಬ್ಬೆರಳು, ತೋರುಬೆರಳಿನ ತುದಿ ಜರಡಿಯಾಗಿದ್ದವು. ಆಕೆ ಆ ಬೆರಳುಗಳನ್ನು ನೋಡಿ, ಮತ್ತೆ ಸೆರಗು ನೋಡಿ, ಮೊರವನ್ನು ಅವನ ಕಡೆ ತಿರುಗಿಸಿದರು.

"ಗಂಡಸಿಗಿ ಎಲ್ಲ್ಯರೆ ಉಡಿ ತುಂಬತಾರೇನವಾ?" ಎಂದು ಮುದುಕಿಯೊಬ್ಬಳು ಗದರಿದಳು.

"ಕಸೂತಿ ಹಾಕಿದವರಿಗಿ ತುಂಬೂದು ನಿಮ್ಮ ಪದ್ಧತಿ. ಹಾಕಿದಾಂವ ಇಂವ. ನಾ ಇನ್ನ ಯಾರಿಗಿ ತುಂಬಲಿ?" ಬೀಗತಿ ಮಾಮಾನ ಮುಖ ನೋಡಿದರು. "ಒಡ್ಡ್ರಿ ಯಪ್ಪಾ."

ಒಡ್ಡಲು ಸೆರಗೆಲ್ಲಿದೆ? ಮಾಮಾ ಹೆಗಲ ಮೇಲಿನ ಶಲ್ಯ ಎಳೆದು ಎರಡೂ ಕೈಯಲ್ಲಿ ಹಿಡಿದು ಒಡ್ಡಿದ. ಅಕ್ಕಿ ಬಿತ್ತು, ಕಾಯಿ ಬಿತ್ತು, ಅದರ ಮೇಲೆ ಹಸಿರು ಖಣ. ಅಷ್ಟರಲ್ಲಿ ವಸ್ತಾದ ಚಾಚಾ ತಮ್ಮ ರುಮಾಲು ಬಿಚ್ಚಿ ಮಾಮಾನ ತಲೆಗೆ ಸುತ್ತುತ್ತ, ಮೂಲೆಯಲ್ಲಿ ಬಾಯಿ ತೆರೆದು ನಿಂತಿದ್ದ ವಾದ್ಯದವರಿಗೆ ಗರ್ಜಿಸಿದರು.

"ಏ ಹಲಗಿಯವರ, ಏನ ನೋಡ್ತೀರಿ? ನನ್ನ ಪೈಲವಾನ ಗೆದ್ದಾನ. ಬಾರಿಸ್ರಿ!"

ಅವರು ಬಾರಿಸಿದ್ದು ಮದುವೆಯ ಬಡಿತವಲ್ಲ, ಕುಸ್ತಿ ಗೆದ್ದಾಗಿನ ಬಡಿತ. ನಕ್ಕವರೇ ಸಿಳ್ಳೆ ಹಾಕಿದರು. ನಾನು ಅತ್ತೆ. ಅಷ್ಟು ಸುಖದಿಂದ ನಾನು ಮತ್ತೆಂದೂ ಅತ್ತಿಲ್ಲ.

ಊರು ಬಿಡುತ್ತೇನೆ ಅಂದವನು ಬಿಡಲಿಲ್ಲ. ಕೋಲು ಬಿಟ್ಟ, ಹೊಲಕ್ಕೆ ಹೋದ, ಮುಂದಿನ ಬೇಸಿಗೆಗೆ ನನ್ನನ್ನು ಮತ್ತೆ ಕಿಡಕಿಯಿಂದಲೇ ಇಳಿಸಿಕೊಂಡ. ವಸ್ತಾದರು ತಾಲೀಮಿನ ಕಟ್ಟೆಯನ್ನು ಮಧ್ಯಾಹ್ನಕ್ಕೆ ಬಿಟ್ಟುಕೊಟ್ಟರು. ಹೆಣ್ಣುಮಕ್ಕಳು ಹಾಯದ ಆ ಕಟ್ಟೆಯ ಮೇಲೆ, ಬೇವಿನ ನೆರಳಲ್ಲಿ, ರಜೆಗೆ ಬಂದ ಹುಡುಗಿಯರೆಲ್ಲ ಕಸೂತಿ ಕಲಿಯಲು ಮಾಮಾನ ಸುತ್ತ ಜಮಖಾನೆ ಹಾಸಿ ಕೂತೆವು. ಅತಿ ದಡ್ಡಿ ನಾನೇ. ಎಷ್ಟೇ ಚೆಂದ ಹಾಕಿ ತೋರಿಸಿದರೂ ಮಾಮಾ ಒಂದೇ ಮಾತು ಹೇಳುತ್ತಿದ್ದ: "ಮುಂದಿಂದು ಎಲ್ಲಾರೂ ಚಲೋ ಹಾಕ್ತಾರ. ಹಿಂದಿಂದು ತೋರ್ಸು."

ಈಗ ಮಾಮಾ ಇಲ್ಲ. ಅವನು ಹೋದ ಸುದ್ದಿ ಬಂದ ದಿನ ನಾನು ಒಂದು ನವಿಲು ಅರ್ಧ ಮಾಡಿದ್ದೆ. ತಿಂಗಳ ಮೇಲೆ ಅದನ್ನು ಮುಗಿಸಿದೆ. ಸಂಸಾರದಲ್ಲಿ, ನೌಕರಿಯಲ್ಲಿ ಮನಸ್ಸು ಗೋಡೆಗೆ ಮುಖ ಮಾಡಿ ಮಲಗಿದಾಗೆಲ್ಲ ನನ್ನನ್ನು ಎಬ್ಬಿಸಿ ಕೂರಿಸಿದ್ದು ಅವನು ಕೊಟ್ಟ ಈ ಹವ್ಯಾಸ. ಕನ್ನಡ ಶಾಲೆಯಲ್ಲಿ ಕಲಿತವಳು ನಾನು, ಎಳೆ ಎಣಿಸುವುದು ಮಾತ್ರ ಇಂದಿಗೂ ಏಕ, ದೋನ, ತೀನ.

ಅವನನ್ನು ನೆನೆದರೆ ಸಾವು ನೆನಪಾಗುವುದಿಲ್ಲ, ನನ್ನ ಮದುವೆ ನೆನಪಾಗುತ್ತದೆ. ಎರಡು ಸಾವಿರದ ಇಸವಿ ದಾಟಿತ್ತು. ನನ್ನ ಚಂದ್ರಕಾಳಿಗೆ ಮಾಮಾನೇ ಹಾಕುತ್ತಾನೆಂದು ಎಲ್ಲರೂ ನಂಬಿದ್ದೆವು. ಅವನು ಸೀರೆಯನ್ನು ನನ್ನ ತೊಡೆಯ ಮೇಲಿಟ್ಟ. ಮದುಮಗಳು ತಾನೇ ಹಾಕಿಕೊಳ್ಳುವುದು ಪದ್ಧತಿಯಲ್ಲ ಅಂದೆ. "ಗಂಡಸು ಹಾಕಿದ್ದು ನಡೀತಂದ್ರ, ಮದುಮಗಳು ಹಾಕಿದ್ದು ಯಾಕ ನಡ್ಯಾಂಗಿಲ್ಲ?" ಅಂದ. ಎರಡು ಬೇಸಿಗೆ ಹಿಡಿಯಿತು. ಕೊನೆಯಲ್ಲಿ ಹಿಂಭಾಗ ತಿರುವಿ, ಬೆರಳಾಡಿಸಿ, ಒಂದೇ ಒಂದು ಗಂಟು ಹುಡುಕಿ, ಅರ್ಧ ಆನೆ ಬಿಚ್ಚಿಸಿದ. ಮತ್ತೆ ಹಾಕಿ ತೋರಿಸಿದೆ. ಮಾಮಾ ಒಳಗೆ ಹೋಗಿ, ಅಷ್ಟು ವರ್ಷ ಹೊಲಿಸದೆ ಇಟ್ಟಿದ್ದ ತನ್ನ ಹಸಿರು ಖಣ ತಂದು ನನ್ನ ಕೈಯಲ್ಲಿಟ್ಟ.

ಅದೇ ಖಣದ ರವಿಕೆ ತೊಟ್ಟು ಹಂದರದಲ್ಲಿ ಕೂತಿದ್ದೆ. ನನ್ನ ಅತ್ತೆ ಸೆರಗು ಹಿಡಿದು, "ಇಷ್ಟು ಚಂದ ಯಾರ್ ಹಾಕ್ಯಾರ್ರೀ?" ಎಂದು ಸುತ್ತ ನೋಡಿದರು. ಮದುಮಗಳು ಬಾಯಿ ಬಿಡಬಾರದ ಹೊತ್ತು ಅದು.

"ನಾನ ಹಾಕೀನ್ರಿ," ಅಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಹಂದರದ ತೀರ ಹಿಂದಿನಿಂದ, ಎಲ್ಲರ ತಲೆಯ ಮೇಲಿಂದ, ಆ ಒಡೆದ ಕಿವಿಯ ಪೈಲವಾನನ ದನಿ ಬಂತು:

"ಹಲಗಿಯವರ, ಬಾರಿಸ್ರಿ!"