ಮೊದಲು ಮೇಡಂ

ಅವಳು ಬೆಳೆದ ಮನೆಯಲ್ಲಿ ಗಂಟಲು ದೊಡ್ಡದಿದ್ದವರದೇ ನ್ಯಾಯ. ಅಪ್ಪ ಗುಡುಗುತ್ತಿದ್ದ, ಚಿಕ್ಕಪ್ಪ ಮೇಜು ಕುಟ್ಟುತ್ತಿದ್ದ. ಅಮ್ಮ ಶುರು ಮಾಡಿದ ಮಾತನ್ನು ಒಂದು ದಿನವೂ ಮುಗಿಸಿದ್ದಿಲ್ಲ. ಸಮಾಜ ಪಾಠದ ಟೀಚರಾದ ಮೇಲೆ ಅವಳು ತನ್ನ ತರಗತಿಗೆ ಒಂದೇ ಕಟ್ಟಳೆ ಹಾಕಿದಳು: "ಮೊದಲು ಎದುರಿನವರು ಹೇಳಿದ್ದನ್ನ ಅವರು ಒಪ್ಪೋ ಹಾಗೆ ಹೇಳು. ಆಮೇಲೆ ನಿನ್ನದು." ಮಕ್ಕಳು ಅವಳಿಗೆ 'ಮೊದಲು ಮೇಡಂ' ಎಂದು ಹೆಸರಿಟ್ಟರು. "ನಿಮ್ಮ ಹುಡುಗರು ಜಗಳ ಆಡೋಕೂ ಪರ್ಮಿಷನ್ ಕೇಳ್ತಾರಂತಲ್ಲ!" ಎಂದು ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕಿಚಾಯಿಸುತ್ತಿದ್ದರು.

ಆ ವರ್ಷ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಕಟ್ಟಡ ಕೂಲಿಗಳ ಶೆಡ್ಡುಗಳು ಎದ್ದವು. ನಡುವೆ ಗೋಡೆ ಹಾಕಲೇಬೇಕೆಂದು ಪೋಷಕರ ಸಂಘ ಪಟ್ಟು ಹಿಡಿಯಿತು. ಹಾಕಿದರೆ ಶೆಡ್ಡಿನ ಮಕ್ಕಳು ಹೆದ್ದಾರಿ ಸುತ್ತಿ ಶಾಲೆಗೆ ಬರಬೇಕು. ತರಗತಿಯಲ್ಲಿ ಗುಸುಗುಸು ಹೆಚ್ಚಿತು. ಬೆನ್ನ ಹಿಂದೆ ಆಡುವುದಕ್ಕಿಂತ ಎದುರೆದುರೇ ಆಡಲಿ ಎಂದು ಅವಳು ಬೆಂಚುಗಳನ್ನು ದುಂಡಗೆ ಹಾಕಿಸಿದಳು.

ಸಂಘದ ಅಧ್ಯಕ್ಷರ ಮಗ ಶುರು ಮಾಡಿದ. "ಅವರು ಬಂದ್ಮೇಲೆ ಸೈಕಲ್ ಕಳುವಾಗ್ತಿವೆ. ಗೋಡೆ ಬೇಕು."

ಶೆಡ್ಡಿನಲ್ಲಿದ್ದ ಗಾರೆ ಕೆಲಸದವಳ ಮಗಳು ಅಲ್ಲಿಯವರೆಗೆ ತುಟಿ ಪಿಟಕ್ಕೆಂದವಳಲ್ಲ. ಟೀಚರಿಂದ "ಹೇಳಮ್ಮ, ಹೆದರಬೇಡ" ಎಂಬ ಮಾತು ಬಂದ ಮೇಲೆ ಎದ್ದು ನಿಂತಳು.

"ನೀನು ಹೇಳಿದ್ದು ಇದು. ಸೈಕಲ್ ಕದ್ದಿದ್ದು ನಮ್ಮಮ್ಮನೋ ನಮ್ಮಣ್ಣನೋ ಇರಬೇಕು. ಸರೀನಾ?"

ಹುಡುಗನ ಮುಖ ಕೆಂಪಾಯಿತು. "ನಿಮ್ಮಮ್ಮ ಅಂತ ನಾನೆಲ್ಲಿ ಹೇಳ್ದೆ?" ಕಾಲಿನಿಂದ ಬೆಂಚು ಒದೆಯುತ್ತ, "ಯಾರು ಕದ್ರೋ ನಂಗೊತ್ತಿಲ್ಲ. ತಪ್ಪಾಯ್ತು" ಎಂದ.

ಅಷ್ಟು ಒಳ್ಳೆಯ ಪಾಠ ತನ್ನ ನೌಕರಿಯಲ್ಲೇ ಆಗಿರಲಿಲ್ಲ ಎಂದು ಅವಳು ಆ ಸಂಜೆ ಗಂಡನ ಮುಂದೆ ಹೇಳಿಕೊಂಡಳು. ಹುಡುಗನೂ ತನ್ನ ಮನೆಯಲ್ಲಿ ಹೇಳಿದ.

ಮರುದಿನ ಅಧ್ಯಕ್ಷರು ಹೆಡ್‌ಮಾಸ್ಟರ ಕೋಣೆಯಲ್ಲಿದ್ದರು. ಟೀಚರಿಗೆ ಕರೆ ಬಂತು. "ಆ ಶೆಡ್ಡಿನವಳ ಮುಂದೆ ನನ್ನ ಮಗನ ಕೈಲಿ ತಪ್ಪಾಯ್ತು ಅನ್ನಿಸಿದ್ರಾ?"

"ಸರ್, ನಾನು ಅನ್ನಿಸಲಿಲ್ಲ, ಅವನೇ..."

"ಸುಮ್ನಿರಿ!"

ಹೆಡ್‌ಮಾಸ್ಟರು ಮಧ್ಯೆ ಬಾಯಿ ಹಾಕಿದರು. "ನೌಕರಿ ಬೇಕೋ ಚರ್ಚೆ ಬೇಕೋ ಯೋಚಿಸಿ, ಮೇಡಂ."

ಅವಳು ತಪ್ಪಾಯ್ತು ಎಂದಳು. "ಮೊದಲು ಕೆದಕಿದ್ದು ಆ ಹುಡುಗಿ ತಾನೆ?" ಎಂದು ಅಧ್ಯಕ್ಷರು ಕೇಳಿದಾಗ ನೆಲ ನೋಡುತ್ತ ನಿಂತಳು. ಅಲ್ಲ ಎನ್ನಲಿಲ್ಲ.

ಹುಡುಗಿಯನ್ನು ಬೇರೆ ಸೆಕ್ಷನ್ನಿಗೆ ಹಾಕಿದರು. ಗೋಡೆಯ ಕೆಲಸವೂ ಶುರುವಾಯಿತು. ಅಲ್ಲಿ ಕೂಲಿಗೆ ಬಂದವರಲ್ಲಿ ಹುಡುಗಿಯ ಅಮ್ಮನೂ ಇದ್ದಳು. ಟೀಚರು ಊಟದ ಬಿಡುವಿನಲ್ಲಿ ಅವಳ ಬಳಿ ಹೋಗಿ, "ಅವತ್ತು ನಾನು ಏನಾದ್ರೂ ಹೇಳ್ಬೇಕಿತ್ತು" ಎಂದಳು.

ಆಕೆ ಗಾರೆ ಮೆತ್ತುತ್ತಿದ್ದ ಕರಣೆ ನಿಲ್ಲಿಸಲಿಲ್ಲ. "ನನ್ನ ಮಗಳಿಗೆ ಹೆದರಬೇಡ ಅಂದ್ರಂತೆ. ಅವಳು ನಂಬಿದ್ಳು. ದಾರಿ ಬಿಡಿ ಮೇಡಂ, ಗಾರೆ ಒಣಗುತ್ತೆ."

ಈಗ ಅವಳು ಪಾಠ ಓದಿ ಹೇಳುತ್ತಾಳೆ, ಮಕ್ಕಳು ಬರೆದುಕೊಳ್ಳುತ್ತಾರೆ. ಮೊನ್ನೆ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, "ಭೇಷ್ ಮೇಡಂ, ಒಂದು ನರಪಿಳ್ಳೆ ಉಸಿರೆತ್ತಲ್ಲ!" ಎಂದರು. ಅವಳು ಪುಟ ತಿರುವಿದಳು.