ದೊಡ್ಡವ್ವನ ಬೇವಿನ ಹೊಗೆ

ಬೇವಿನ ಎಲೆ ಕೆಂಡದ ಮೇಲೆ ಬಿದ್ದಾಗ ಮೊದಲು ಹಸಿ ವಾಸನೆ, ಆಮೇಲೆ ಕಹಿ ವಾಸನೆ, ಕೊನೆಗೆ ಅದರ ಜೊತೆ ಹಾಕಿದ ಬೆಳ್ಳುಳ್ಳಿ ಸಿಪ್ಪೆಯ ಘಾಟು… ಮೊನ್ನೆ ಸಂಜೆ ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಈ ಮೂರೂ ಒಂದರ ಹಿಂದೆ ಒಂದು ಬಂದವು. ನಮ್ಮ ಬೀಗಿತ್ತಿ ತೊಟ್ಟಿಲ ಕೋಣೆಗೆ ಸೊಳ್ಳೆಯ ಹೊಗೆ ಹಾಕಿದ್ದಳು. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಹೊಗೆ ಅಡಗುವ ತನಕ ಪಡಸಾಲೆಯಲ್ಲೇ ಕೂತಿರಿ ಎಂದಳು.

ಕೂತೆ. ಎಷ್ಟು ಹೊತ್ತಾದರೂ ಕೂರುತ್ತಿದ್ದೆ. ಹನ್ನೊಂದು ವರ್ಷ ಕಾದ ಮೇಲೆ ನನ್ನ ಕಿರಿಯ ಮಗನಿಗೆ ಹೆಣ್ಣು ಕೂಸು ಹುಟ್ಟಿದೆ. ಆ ಸಂತೋಷವನ್ನು ಬರೆಯಲು ನನ್ನ ಮೂರನೇ ಜಮಾತಿನ ಓದು ಸಾಲದು. ಆಸ್ಪತ್ರೆಯಿಂದ ಫೋನು ಬಂದ ದಿನ ಮೊಣಕಾಲು ಹಿಡಿದುಕೊಂಡೇ ಓಣಿಯ ಮನೆಮನೆಗೂ ಹೋಗಿ ಸಕ್ಕರೆ ಕೊಟ್ಟೆ. ಹಾಲಿನವನಿಗೆ ಎರಡು ಸಲ ಕೊಟ್ಟೆನಂತೆ. "ಅವಳಿ ಅದಾವೇನ್ರೀ ಅವ್ವಾರ" ಎಂದು ಕೇಳಿ ನಗಿಸಿದ. ಕೂಸಿನ ಹಿಮ್ಮಡಿ ನನ್ನ ಹೆಬ್ಬೆರಳಿನಷ್ಟೂ ಇಲ್ಲ. ಅದನ್ನೇ ನೋಡಿ ನಗುತ್ತ ಕೂತವಳಿಗೆ ಹೊಗೆಯ ಘಾಟಿಗೆ ಕಣ್ಣಲ್ಲಿ ನೀರು ಬಂತು. ಹೊಗೆ ಹೋದ ಮೇಲೂ ನೀರು ನಿಲ್ಲಲಿಲ್ಲ.

ನನ್ನ ತವರು ಗದ್ವಾಲ ಸೀಮೆಯಲ್ಲಿ, ವಡ್ಡೆಪಲ್ಲಿಯಿಂದ ಕೆಳಗೆ, ತುಂಗಭದ್ರೆಯ ದಂಡೆಯ ಒಂದು ಸಣ್ಣ ಊರು. ಆಗ ಹೊಳೆಯ ಈ ದಂಡೆ ನಿಜಾಮರದು, ಆ ದಂಡೆ ಕರ್ನೂಲಿನದು. ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿಕೊಂಡು ಒಬ್ಬ ವಿಧವೆಯ ಮನೆ ಇತ್ತು. ರಕ್ತಸಂಬಂಧವೇನೂ ಇಲ್ಲ, ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು, ನಾವೂ ಹಾಗೇ ಕರೆದೆವು. ಅವಳಿಗೆ ಒಬ್ಬನೇ ಮಗ. ಇಪ್ಪತ್ತು ದಾಟಿರಲಿಲ್ಲ. ನನಗೆ ಅವನು ಅಣ್ಣ.

ದೊಡ್ಡವ್ವನ ಮನೆಯಲ್ಲಿ ಹುಳುಹುಪ್ಪಡಿ ಕಂಡವರಿಲ್ಲ. ಜೋಳ ತುಂಬಿಡುವ ಗುಮ್ಮಿಗೆ ಬೂದಿ ಬೆರೆಸಿ, ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಹಾಸುತ್ತಿದ್ದಳು. ಬಿಸಿಲಲ್ಲಿ ಒಣಗಿಸಿದರೆ ಎಲೆಯ ಕಸುವು ಬಿಸಿಲೇ ತಿನ್ನುತ್ತದೆ ಎನ್ನುತ್ತಿದ್ದಳು. ಸೀರೆಗಳ ನಡುವೆ ಬಜೆ ಬೇರು. ಮಲಗುವ ಹೊರಸಿನ ಸಂದಿಗೆ ಸೀತಾಫಲದ ಬೀಜ ಕುಟ್ಟಿದ ಪುಡಿ. ತಿಗಣೆ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಆ ಪುಡಿ ಮುಟ್ಟಿದ ಕೈ ಕಣ್ಣಿಗೆ ಹೋದೀತು ಎಂದು ನಮ್ಮನ್ನು ಅಂಗಳದಿಂದಲೇ ಅಟ್ಟುತ್ತಿದ್ದಳು. ಇರುವೆಯನ್ನು ಮಾತ್ರ ಕೊಲ್ಲುತ್ತಿರಲಿಲ್ಲ. ಹೊಸ್ತಿಲಿಗೆ ಅರಿಶಿನದ ಗೆರೆ, ಹಿತ್ತಲಲ್ಲಿ ಅವುಗಳ ಗೂಡಿನ ಬಾಯಿಗೆ ಒಂದು ಚಿಟಿಕೆ ಹಿಟ್ಟು. ಒಳಗೆ ಬರಬೇಡಿ ಎಂದವರು ಹೊರಗೆ ಉಣ್ಣಲು ಇಡಬೇಕು ಎನ್ನುವುದು ಅವಳ ನ್ಯಾಯ. ನನ್ನ ಅಪ್ಪ ಗೋಡೆಯಾಚೆಯಿಂದ ಕೆಣಕುತ್ತಿದ್ದ.

"ಅಕ್ಕಾ, ನಿನ್ನ ಮನಿಗಿ ನೊಣ ಬರಬೇಕಂದ್ರ ತಹಶೀಲ್ದಾರರ ಪರವಾನಗಿ ತರಬೇಕು ನೋಡು."

"ನೊಣ ತರತೈತಿ. ನೀನು ತರದಾ ಬರ್ತಿ ಉಣ್ಣಾಕ."

ಎಲ್ಲಕ್ಕಿಂತ ದೊಡ್ಡ ಮದ್ದು ಅವಳ ಹೊಗೆ. ಸಂಜೆಯಾದರೆ ಕುಳ್ಳಿನ ಕೆಂಡಕ್ಕೆ ಬೇವು, ಲಕ್ಕಿ ಎಲೆ, ಬೆಳ್ಳುಳ್ಳಿ ಸಿಪ್ಪೆ ಹಾಕಿ, ಆ ಮಡಕೆ ಹಿಡಿದು ಮೊದಲು ತನ್ನ ಮನೆ, ಆಮೇಲೆ ನಮ್ಮ ಮನೆ ತಿರುಗುತ್ತಿದ್ದಳು.

ನಿಜಾಮರ ಕಡೆಯ ರಜಾಕಾರರ ಗಲಾಟೆ ಜೋರಾದ ಆ ಮಳೆಗಾಲದಲ್ಲಿ ಊರಿನ ಗಂಡಸರೆಲ್ಲ ಹೊಳೆ ದಾಟಿ ಆಚೆ ದಂಡೆಯ ಗುಡಿಸಲುಗಳಲ್ಲಿ ಉಳಿದರು. ಅಪ್ಪನೂ ಹೋದ, ಅಣ್ಣನೂ ಹೋದ. ಹೆಂಗಸರು, ಮಕ್ಕಳು, ಮುದುಕರು ಊರಲ್ಲಿ. ಹೋಗುವಾಗ ಒಂದು ಕಟ್ಟು ಮಾಡಿದರು. ಊರ ಮೇಲೆ ಯಾರಾದರೂ ಬಿದ್ದರೆ ಮಾಳಿಗೆಯ ಮೇಲಿನಿಂದ ಹೊಗೆ ಎಬ್ಬಿಸಬೇಕು. ಅದನ್ನು ಕಂಡವರು ಈಚೆ ಬರದೆ ಕರ್ನೂಲಿನ ಕಡೆ ಹೊರಟುಬಿಡಬೇಕು. ರಜಾಕಾರರು ಬೀಳುತ್ತಿದ್ದುದು ಸಂಜೆಯ ಹೊತ್ತಿಗೆ. ಅದಕ್ಕಾಗಿ ಅಡುಗೆ ಮಧ್ಯಾಹ್ನವೇ ಮುಗಿಯಬೇಕು, ಹೊತ್ತು ಇಳಿದ ಮೇಲೆ ಯಾವ ಮನೆಯಿಂದಲೂ ಹೊಗೆ ಏಳಕೂಡದು. ದೊಡ್ಡವ್ವನ ಮಡಕೆ ಮೂಲೆ ಸೇರಿತು.

ಅದೇ ತಿಂಗಳು ನನ್ನ ತಮ್ಮ ಹುಟ್ಟಿದ. ಹೊಳೆಯ ಕೆಸರಿನಿಂದ ಸೊಳ್ಳೆಗಳು ಹಿಂಡುಹಿಂಡಾಗಿ ಏಳುತ್ತಿದ್ದವು. ಹೆರಿಗೆ ಮಾಡಿಸಿದವಳೂ ದೊಡ್ಡವ್ವನೇ. ಬಾಗಿಲಿಗೆ ಲಕ್ಕಿ ಎಲೆ ಕಟ್ಟಿದಳು, ಹೊರಸಿನ ಕಾಲಿಗೆ ಬೇವಿನೆಣ್ಣೆ ಸವರಿದಳು, ಕೈ ಸೋಲುವ ತನಕ ಬೀಸಿದಳು. ಆದರೂ ಹನ್ನೊಂದು ದಿನದ ಕೂಸಿನ ಮುಖವೆಲ್ಲ ದದ್ದು. ಹಿಂದಿನ ತಿಂಗಳು ಊರಲ್ಲಿ ಎರಡು ಕೂಸುಗಳು ಚಳಿಜ್ವರಕ್ಕೆ ಹೋಗಿದ್ದವು. ಒಂದೇ ಒಂದು ಸಲ ಹೊಗೆ ಹಾಕು ಎಂದು ಅವ್ವ ಅವಳ ಕೈ ಹಿಡಿದು ಅತ್ತಳು.

ದೊಡ್ಡವ್ವ ಒಂದು ದಿನವೆಲ್ಲ ಯೋಚಿಸಿ ದಾರಿ ಕಂಡಳು. ಬಾಣಂತಿಯನ್ನೂ ಕೂಸನ್ನೂ ಪಡಸಾಲೆಗೆ ಕಳಿಸಿ, ಕೋಣೆಯ ಬಾಗಿಲು ಮುಚ್ಚಿ, ಮಾಳಿಗೆಯ ಬೆಳಕಿಂಡಿಗೆ ಹಸಿ ಗೋಣಿ ಹೊಚ್ಚುವುದು. ಕೆಂಡ ಆರಿ ಹೊಗೆ ಒಳಗೇ ಅಡಗಿದ ಮೇಲಷ್ಟೇ ತೆರೆಯುವುದು. ಇಳಿಹೊತ್ತಿಗೆ ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟು ಮಾಳಿಗೆ ಹತ್ತಿಸಿದಳು. ನನಗೆ ಎಂಟು ವರ್ಷ. ಗೋಣಿ ಒಣಗದಂತೆ ನೀರು ಚಿಮುಕಿಸುತ್ತ ಕೂಡು, ನಾನು ಕೂಗುವ ತನಕ ತೆಗೆಯಬೇಡ ಎಂದಳು. ಹೂಂ ಎಂದೆ.

ಕೆಳಗೆ ತಮ್ಮ ಅಳುತ್ತಲೇ ಇದ್ದ. ಪಡಸಾಲೆಯಲ್ಲಿ ಸೊಳ್ಳೆ ಮುತ್ತಿರಬೇಕು. ಹೊಗೆ ಬೇಗ ಹೊರಗೆ ಹೋದರೆ ಅವನನ್ನು ಬೇಗ ಒಳಗೆ ಮಲಗಿಸುತ್ತಾರೆ ಎಂದು ನನ್ನ ಬುದ್ಧಿಗೆ ತೋಚಿತು. ಗೋಣಿ ತೆಗೆದೆ.

ಗಾಳಿ ಇರಲಿಲ್ಲ. ಕಟ್ಟಿಟ್ಟ ಹೊಗೆ ಕಂಬದ ಹಾಗೆ ನೆಟ್ಟಗೆ ಎದ್ದಿತು. ನಾನು, ಹುಚ್ಚಿ, ಅದನ್ನು ನೋಡಿ ಹಿಗ್ಗಿದೆ… ದೊಡ್ಡವ್ವ ಏಣಿ ಹತ್ತಿ ಬಂದು ನನ್ನ ಕೈಯಿಂದ ಗೋಣಿ ಕಿತ್ತು ಮುಚ್ಚಿದಳು. ನನ್ನನ್ನು ಬೈಯಲಿಲ್ಲ. ಹೊಳೆಯ ಕಡೆ ನೋಡುತ್ತ ನಿಂತಳು.

ಆಚೆ ದಂಡೆಯವರು ಹೊಗೆ ಕಂಡು, ಕಟ್ಟಿನ ಪ್ರಕಾರ ಗಂಟು ಕಟ್ಟಿ ಕರ್ನೂಲಿನ ಹಾದಿ ಹಿಡಿದರು. ಅಣ್ಣನೊಬ್ಬ ಮಾತ್ರ ಹಿಡಿಯಲಿಲ್ಲ. ಹೊಗೆ ತನ್ನ ಮನೆಯ ಗೋಡೆಯ ಹತ್ತಿರದ್ದು ಎಂದು ಅವನಿಗೆ ಅಲ್ಲಿಂದಲೇ ಗುರುತು ಹತ್ತಿತ್ತು. ಅಪ್ಪ ತೋಳು ಹಿಡಿದು ಜಗ್ಗಿದನಂತೆ. "ಅಲ್ಲಿ ನಮ್ಮವ್ವ ಅದಾಳ" ಎಂದನಂತೆ, ಅಷ್ಟೇ. ಭಾದ್ರಪದದ ತುಂಬು ಹೊಳೆಗೆ ಇಳಿದ. ಮೂರನೆಯ ದಿನ ಕೆಳಗಿನ ಊರಿನ ಬೆಸ್ತರು ಸುದ್ದಿ ತಂದರು.

ಅದಾಗಿ ಕೆಲವೇ ದಿನಕ್ಕೆ ಫೌಜು ಬಂತು, ಪೋಲೀಸ್ ಆಕ್ಷನ್ ಆಯಿತು, ನಿಜಾಮರ ರಾಜ್ಯ ಮುಗಿಯಿತು ಎಂದರು. ಗಂಡಸರು ನಗುತ್ತ ಹೊಳೆ ದಾಟಿ ಬಂದರು. ಬಂದವರು ಚಾವಡಿಯಲ್ಲಿ ಕೂಡಿ, ಕಟ್ಟು ಮುರಿದು ಹೊಗೆ ಎಬ್ಬಿಸಿದವರು ಯಾರು ಎಂದು ಕೇಳಿದರು. ನಾನು ಅವ್ವನ ಸೆರಗಿನ ಹಿಂದೆ ನಿಂತಿದ್ದೆ.

"ಗೋಣಿ ನಾನಾ ತಗದೆ" ಎಂದಳು ದೊಡ್ಡವ್ವ. "ಕೂಸು ಅಳಾಕ ಹತ್ತಿತ್ತು, ತಡಿಯಾಕ ಆಗಲಿಲ್ಲ."

ಮಗನನ್ನೇ ಕಳೆದುಕೊಂಡವಳಿಗೆ ಹೇಳುವುದಾದರೂ ಏನು. ಒಬ್ಬೊಬ್ಬರಾಗಿ ಎದ್ದು ಹೋದರು. ಆದರೆ ಆಮೇಲೆ ಬಾವಿಕಟ್ಟೆಯ ಮಾತು ಬೇರೆಯಿತ್ತು. ತನ್ನ ಹೊಗೆಗೆ ತಾನೇ ಮಗನನ್ನು ಕೊಟ್ಟಳು ಎಂದು ಅವಳ ಕಿವಿಗೆ ಬೀಳುವಂತೆಯೇ ಆಡಿದರು. ಅವಳು ಕೊಡ ತುಂಬಿಕೊಂಡು ಬರುತ್ತಿದ್ದಳು. ಪಕ್ಕದಲ್ಲಿ ನಾನೂ ಸಣ್ಣ ಬಿಂದಿಗೆ ಹೊತ್ತು ನಡೆಯುತ್ತಿದ್ದೆ. ಒಂದು ಮಾತು ಆಡಿದ್ದರೆ…

ಅಂದಿನಿಂದ ತನ್ನ ಮನೆಗೆ ಅವಳು ಯಾವ ಮದ್ದನ್ನೂ ಮಾಡಲಿಲ್ಲ. ಗುಮ್ಮಿಯ ಜೋಳ ಹುಳ ಹತ್ತಿ ಹಿಟ್ಟಾಯಿತು. ಹೊರಸಿಗೆ ತಿಗಣೆ ಹತ್ತಿತು. ಇರುವೆಗಳು ಅವಳ ಉಣ್ಣುವ ತಾಟಿನ ತನಕ ಸಾಲು ಹಿಡಿದು ಬಂದರೂ ನೋಡುತ್ತ ಕೂರುತ್ತಿದ್ದಳು. ಆದರೆ ನಮ್ಮ ಮನೆಗೆ ದಿನವೂ ಬಂದು, ನನ್ನ ತಮ್ಮನ ಹಾಸಿಗೆ ಕೊಡವಿ, ಸಂದಿಸಂದಿಗೆ ಪುಡಿ ಹಾಕಿ ಹೋಗುತ್ತಿದ್ದಳು. ಹೊಗೆಯೊಂದನ್ನು ಬಿಟ್ಟು ಎಲ್ಲ. ತಮ್ಮ ಅವಳ ಕಂಕುಳಲ್ಲೇ ಬೆಳೆದ. ನಾನು ಅವಳ ಕಣ್ಣು ತಪ್ಪಿಸಿ ಬೆಳೆದೆ.

ಮದುವೆಯಾಗಿ ನಾರಾಯಣಪೇಟೆಗೆ ಹೊರಟ ದಿನ ನನ್ನ ಟ್ರಂಕಿನ ಸೀರೆಗಳ ನಡುವೆ ಅವಳೇ ಬಜೆ ಬೇರು ಇಟ್ಟಳು. ಮುಚ್ಚಳ ಹಾಕಿ, ನನ್ನ ಮುಖ ನೋಡದೆ ಹೇಳಿದಳು:

"ನಾಳೆ ನಿನಗೂ ಮಕ್ಕಳಾಗತಾವ. ಹೊಗಿ ಹಾಕೋ ಹೊತ್ತಿನ್ಯಾಗ ಮಾಳಗಿ ಮ್ಯಾಲ ನೀನಾ ಕೂಡು, ಹುಡುಗರನ್ನ ಕೂಡಿಸಬ್ಯಾಡ. ನಾ ಕೂಡಿಸಿದ್ದು ನಂದು ತಪ್ಪು."

ಅಷ್ಟು ವರ್ಷ ನನ್ನ ತಪ್ಪನ್ನು ಅವಳು ಹೊತ್ತಿದ್ದಳು ಎಂದುಕೊಂಡಿದ್ದೆ. ಅದು ನಿಜಕ್ಕೂ ತನ್ನದೇ ಎಂದು ಅವಳು ನಂಬಿಬಿಟ್ಟಿದ್ದಳು. ಕಾಲಿಗೆ ಬಿದ್ದೆ. ಹೊರಗೆ ಗಾಡಿ ನಿಂತಿತ್ತು, ಎತ್ತುಗಳು ಕೊರಳ ಗಂಟೆ ಅಲ್ಲಾಡಿಸುತ್ತಿದ್ದವು. ಎದ್ದೆ, ಹೋದೆ.

ಅವಳು ತೀರಿಕೊಂಡಾಗ ನಾನು ಎರಡನೆಯ ಬಾಣಂತನದಲ್ಲಿದ್ದೆ, ಹೋಗಲಾಗಲಿಲ್ಲ. ಹನ್ನೆರಡು ವರ್ಷದ ನನ್ನ ತಮ್ಮ ಅವಳಿಗೆ ಬೆಂಕಿ ಇಟ್ಟನಂತೆ.

ನಿನ್ನೆ ಅವನು ಕೂಸನ್ನು ನೋಡಲು ಗದ್ವಾಲಿನಿಂದ ಬಂದಿದ್ದ. ಅವನಿಗೂ ತಲೆ ಪೂರ್ತಿ ನೆರೆತಿದೆ. ಅಪ್ಪ ಅವ್ವ ಹೋದ ಮೇಲೆ ಆ ಮನೆಯವರು ಎಂದರೆ ನಾವಿಬ್ಬರೇ. ಕೂಸನ್ನು ಎತ್ತಿಕೊಂಡು, ಥೇಟ್ ನಿನ್ನ ಮೂಗು ಎಂದು ನನ್ನನ್ನು ನಗಿಸಿದ. ನಗುತ್ತ ನಗುತ್ತ ಬಾಯಿ ತೆರೆದೆ ನೋಡಿ, ಸಂತೋಷದ ಜೊತೆ ಅದೂ ಹೊರಗೆ ಬಂತು. ಆವತ್ತು ಗೋಣಿ ತೆಗೆದವಳು ದೊಡ್ಡವ್ವ ಅಲ್ಲ, ನಾನು ಎಂದೆ. ತನ್ನ ಅಳುವಿಗೇ ಅವಳ ಮಗ ಹೋದ ಎಂದು ಜೀವಮಾನವೆಲ್ಲ ಕೇಳಿಕೊಂಡು ಬಂದವನು ಅವನು.

ಕೂಸಿನ ಮುಖದಿಂದ ಕಣ್ಣು ತೆಗೆಯದೆ ಕೇಳಿದ:

"ಅಕಿ ಮುಂದ ತಪ್ಪಾತು ಅಂದಿದ್ದೇನಕ್ಕಾ?"

"ಇಲ್ಲಪ್ಪಾ" ಎಂದೆ.

ಅವನು ಕೂಸನ್ನು ಮೆಲ್ಲಗೆ ನನ್ನ ತೊಡೆಗೆ ಕೊಟ್ಟು, ಬಾಗಿಲ ಹೊರಗೆ ನೋಡುತ್ತ ಕುಳಿತ. ನಾನೂ ಕುಳಿತೆ.